ನಮ್ಮ ಆಕಾಶವಾಣಿ, ನಮ್ಮ ಚಂದನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಲೆನಾಡಿನ ತೋಟದ ಮನೆಯಲ್ಲಿ ಬೆಳೆದವನು. ಭದ್ರಾವತಿ ಆಕಾಶವಾಣಿ ನಮಗೆ ಗಡಿಯಾರವೂ ಹೌದು, ಪೇಪರೂ ಹೌದು. ಆಮೇಲೆ ಕೆಲಸದ ಮೇಲೆ ಊರೂರು ತಿರುಗಿದೆ. ಹೋದಲ್ಲೆಲ್ಲ ಆ ಊರಿನ ಕೇಂದ್ರ ಹುಡುಕಿ ಕೇಳುವುದು ಅಭ್ಯಾಸವಾಯಿತು. ಇದು ಗೊತ್ತಿರುವವರು ಮದುವೆ ಮನೆಯಲ್ಲಿ ಸಿಕ್ಕರೂ ರೇಡಿಯೊ ಬಗ್ಗೆಯೇ ಮಾತು ತೆಗೆಯುತ್ತಾರೆ. ಕಾಗದ ಬರೆದು ಕೇಳಿದವರೂ ಇದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕಾದವು ಕೊನೆಗೆ.

## ಮೊದಲು ತಿಳಿಯಬೇಕಾದ್ದು

ಆಕಾಶವಾಣಿ, ದೂರದರ್ಶನ, ಪ್ರಸಾರ ಭಾರತಿ ಮೂರೂ ಒಂದೇನಾ?

ಮೂರೂ ಒಂದೇ ಮನೆಯವು. ರೇಡಿಯೊ ನಡೆಸುವುದು ಆಕಾಶವಾಣಿ, ಟಿವಿ ನಡೆಸುವುದು ದೂರದರ್ಶನ. ಎರಡೂ ಪ್ರಸಾರ ಭಾರತಿ ಎಂಬ ಸಂಸ್ಥೆಯ ಕೆಳಗೆ ಬರುತ್ತವೆ. ಈ ಸಂಸ್ಥೆಗಾಗಿ ಸಂಸತ್ತು 1990ರಲ್ಲಿ ಕಾಯ್ದೆ ಮಾಡಿತು. ಸಂಸ್ಥೆ ಹುಟ್ಟಿದ್ದು ಮಾತ್ರ 1997ರ ನವೆಂಬರ್ 23ರಂದು. ಅಲ್ಲಿವರೆಗೆ ಎರಡೂ ನೇರವಾಗಿ ಕೇಂದ್ರ ಸರ್ಕಾರದ ಇಲಾಖೆಗಳಾಗಿದ್ದವು. ಬೆಂಗಳೂರು ಆಕಾಶವಾಣಿ ರಾಜ್ಯ ಸರ್ಕಾರದ್ದು ಎಂದು ತುಂಬಾ ಜನ ತಿಳಿದಿದ್ದಾರೆ. ಅಲ್ಲ.

ಕರ್ನಾಟಕದಲ್ಲಿ ಎಲ್ಲೆಲ್ಲಿ ಕೇಂದ್ರ ಇದೆ?

ಹಳೆಯವು ಎಂದರೆ ಮೈಸೂರು, ಧಾರವಾಡ, ಬೆಂಗಳೂರು, 1965ರ ಭದ್ರಾವತಿ, 1966ರ ಕಲಬುರಗಿ ಮತ್ತು 1976ರ ಮಂಗಳೂರು. ಎಫ್‌ಎಂ ಬಂದ ಮೇಲೆ ಹಾಸನ, ಚಿತ್ರದುರ್ಗ, ಮಡಿಕೇರಿ, ರಾಯಚೂರು, ಹೊಸಪೇಟೆ, ವಿಜಯಪುರ, ಕಾರವಾರಗಳಲ್ಲಿ ಸ್ಥಳೀಯ ಕೇಂದ್ರಗಳು ಹುಟ್ಟಿದವು. ಬೆಂಗಳೂರಿನಲ್ಲಿ ಮುಖ್ಯ ಕೇಂದ್ರದ ಜೊತೆಗೆ ವಿವಿಧ ಭಾರತಿಯೂ ಇದೆ, 102.9ರಲ್ಲಿ ಸಿಗುತ್ತದೆ.

ಮನೇಲಿ ರೇಡಿಯೊ ಸೆಟ್ಟೇ ಇಲ್ಲ. ಮಗ ಅಮೆರಿಕದಲ್ಲಿದ್ದಾನೆ, ಅವನಿಗೂ ಕೇಳಬೇಕಂತೆ. ಹೇಗೆ?

ಫೋನಿಗೆ 'ನ್ಯೂಸ್ ಆನ್ ಏರ್' ಎಂಬ ಆ್ಯಪ್ ಹಾಕಿಕೊಳ್ಳಿ. ಅದು ಪ್ರಸಾರ ಭಾರತಿಯದ್ದೇ, ಉಚಿತ. ಕರ್ನಾಟಕದ ಕೇಂದ್ರಗಳು ಅದರಲ್ಲಿ ನೇರವಾಗಿ ಸಿಗುತ್ತವೆ. ನಿಮ್ಮ ಮಗ ಅಲ್ಲಿ ರಾತ್ರಿ ಊಟಕ್ಕೆ ಕೂತಾಗ ಇಲ್ಲಿನ ಬೆಳಗಿನ 'ಚಿಂತನ' ಕಾರ್ಯಕ್ರಮ ಕೇಳಬಹುದು. ದೂರದರ್ಶನದ ಕನ್ನಡ ಚಾನೆಲ್ ಚಂದನ ನೋಡಬೇಕಿದ್ದರೆ ಯೂಟ್ಯೂಬ್ ಇದೆ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ 'ವೇವ್ಸ್' ಎಂಬ ಆ್ಯಪನ್ನೂ ತಂದಿದೆ. ಊರಿನಲ್ಲಿ ಇರುವವರಿಗೆ ಡಿಡಿ ಫ್ರೀ ಡಿಶ್ ಅನುಕೂಲ. ಒಂದು ಸಲ ಡಿಶ್ಶು, ಪೆಟ್ಟಿಗೆಗೆ ಖರ್ಚು ಮಾಡಿದರೆ ತಿಂಗಳ ಬಾಡಿಗೆ ಇಲ್ಲ. ಅದರಲ್ಲಿ ಟಿವಿ ಚಾನೆಲ್‌ಗಳ ಜೊತೆ ಆಕಾಶವಾಣಿಯೂ ಬರುತ್ತದೆ.

ಇನ್ನೊಂದು ಮಾತು. ಕೆಲವು ಫೋನುಗಳಲ್ಲಿ ಎಫ್‌ಎಂ ಒಳಗೇ ಇರುತ್ತದೆ. ಇಯರ್‌ಫೋನ್ ಚುಚ್ಚಿದರೆ ಮಾತ್ರ ಕೇಳಿಸುತ್ತದೆ, ಏಕೆಂದರೆ ಆ ವೈರೇ ಅದಕ್ಕೆ ಏರಿಯಲ್. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಮಳೆಗಾಲದಲ್ಲಿ ಟವರ್ ಸತ್ತಾಗ ಇದರ ಬೆಲೆ ಗೊತ್ತಾಗುತ್ತದೆ.

ಮುಂಚೆ ರೇಡಿಯೊಗೆ ಲೈಸೆನ್ಸ್ ಇತ್ತಂತೆ, ಹೌದಾ?

ಹೌದು. ಸೆಟ್ಟು ಇಟ್ಟುಕೊಂಡವರು ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ಶುಲ್ಕ ಕಟ್ಟಿ, ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. 1980ರ ದಶಕದ ನಡುವಿನಲ್ಲಿ ಅದನ್ನು ತೆಗೆದರು. ನಿಮ್ಮ ಅಟ್ಟದಲ್ಲಿ ಆ ಸಣ್ಣ ಪುಸ್ತಕ ಸಿಕ್ಕರೆ ಎಸೆಯಬೇಡಿ.

## ಹುಟ್ಟಿ ಬೆಳೆದ ಕಥೆ

'ಆಕಾಶವಾಣಿ' ಅನ್ನೋ ಹೆಸರು ಮೈಸೂರಿನದ್ದು ಅಂತಾರಲ್ಲ, ನಿಜಾನಾ? ಸುಮ್ನೆ ಹೆಮ್ಮೆಗೆ ಹೇಳೋದಾ?

ಹೆಮ್ಮೆಯೂ ಹೌದು, ನಿಜವೂ ಹೌದು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರೊಫೆಸರ್ ಇದ್ದರು. ಮನಃಶಾಸ್ತ್ರದ ಮೇಷ್ಟ್ರು. ಲಂಡನ್ನಿನಲ್ಲಿ ಓದಿ ಬಂದು ಮೈಸೂರಿನಲ್ಲಿ ಆ ವಿಷಯದ ವಿಭಾಗವನ್ನೇ ಕಟ್ಟಿದವರು. ಒಂಟಿಕೊಪ್ಪಲಿನಲ್ಲಿ ಅವರ ಮನೆ, ಹೆಸರು 'ವಿಠ್ಠಲ ವಿಹಾರ'. 1935ರ ಸೆಪ್ಟೆಂಬರ್ 10ರಂದು ಆ ಮನೆಯಿಂದಲೇ ಪ್ರಸಾರ ಶುರುವಾಯಿತು. ಟ್ರಾನ್ಸ್‌ಮಿಟರಿನ ಶಕ್ತಿ ಎಷ್ಟು ಗೊತ್ತಾ? ಮನೆಯಲ್ಲಿ ಉರಿಸುತ್ತಿದ್ದ ಹಳೇ ಬಲ್ಬಿನ ವ್ಯಾಟ್ ಲೆಕ್ಕದಲ್ಲಿ ಅಳೆಯುವಷ್ಟು. ಆಮೇಲೆ ಅವರು ಇನ್ನೂ ದೊಡ್ಡದು, 250 ವ್ಯಾಟಿನದ್ದನ್ನು ತರಿಸಿದರು. ಸಂಗೀತ, ಭಾಷಣ, ನಾಟಕ ಎಲ್ಲ ಆ ಮನೆಯಿಂದಲೇ ಹೊರಟವು. ಕಲಾವಿದರು ಮನೆಗೆ ಬಂದು ಹಾಡುತ್ತಿದ್ದರು. ಆರು ವರ್ಷದ ಹತ್ತಿರ ಹೀಗೇ ನಡೆಯಿತು, ಬಹುಪಾಲು ಸ್ವಂತ ದುಡ್ಡಿನಲ್ಲಿ. ಹೊರೆ ಜಾಸ್ತಿಯಾದ ಮೇಲೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು.

ಆ ಕೇಂದ್ರಕ್ಕೆ ಇಟ್ಟ ಹೆಸರು ಆಕಾಶವಾಣಿ. ಹೆಸರು ಸೂಚಿಸಿದವರು ಬರಹಗಾರ ನಾ. ಕಸ್ತೂರಿ ಎಂದು ಹೇಳುವುದುಂಟು. ಬಂಗಾಳದವರು ಇದೇ ವಿಷಯಕ್ಕೆ ರವೀಂದ್ರನಾಥ ಠಾಕೂರರನ್ನು ನೆನೆಯುತ್ತಾರೆ. 1938ರಲ್ಲಿ ಕಲ್ಕತ್ತಾ ಕೇಂದ್ರಕ್ಕಾಗಿ ಅವರು ಬರೆದ ಕವಿತೆಯಲ್ಲಿ ಈ ಪದ ಬರುತ್ತದೆ. ಪದ ಸಂಸ್ಕೃತದ್ದು, ಪುರಾಣದ್ದು, ಯಾರಿಗೂ ಹೊಳೆಯಬಹುದು. ಆದರೆ ಒಂದು ರೇಡಿಯೊ ಕೇಂದ್ರದ ಬಾಗಿಲಿಗೆ ಅದನ್ನು ಬೋರ್ಡು ಮಾಡಿ ಹಾಕಿದ್ದು ಮೈಸೂರಿನಲ್ಲಿ ಮೊದಲು. ದೇಶದ ಎಲ್ಲ ಕೇಂದ್ರಗಳಿಗೂ ಈ ಹೆಸರು ಬಂದದ್ದು 1950ರ ದಶಕದ ಕೊನೆಯ ಭಾಗದಲ್ಲಿ. ಇಂಗ್ಲಿಷಿನಲ್ಲಿ ಮಾತ್ರ 'ಆಲ್ ಇಂಡಿಯಾ ರೇಡಿಯೊ' ಉಳಿದಿತ್ತು. 2023ರಲ್ಲಿ ಅದನ್ನೂ ಬಿಟ್ಟರು. ಈಗ ಎಲ್ಲ ಭಾಷೆಯಲ್ಲೂ ಆಕಾಶವಾಣಿಯೇ.

ಮನಃಶಾಸ್ತ್ರದ ಮೇಷ್ಟ್ರಿಗೆ ರೇಡಿಯೊ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳುತ್ತಾರೆ. ನನಗೆ ಅನ್ನಿಸುವುದು ಇಷ್ಟು. ಮುಖ ಕಾಣದ ಒಂದು ದನಿ ಇನ್ನೊಬ್ಬರ ಮನಸ್ಸಿನಲ್ಲಿ ಏನು ಮಾಡುತ್ತದೆ ಎಂಬ ಕುತೂಹಲ ಅಂಥವರಿಗಲ್ಲದೆ ಇನ್ಯಾರಿಗೆ ಬರಬೇಕು?

ಹಾಗಾದ್ರೆ ಮೈಸೂರು ಕೇಂದ್ರ 1974ರದ್ದು ಅಂತ ಯಾಕೆ ಬರೆದಿರ್ತಾರೆ?

ಮೈಸೂರು ಕೇಂದ್ರಕ್ಕೆ ಎರಡು ಹುಟ್ಟು. 1950ರ ಏಪ್ರಿಲ್ 1ರಂದು ಸಂಸ್ಥಾನದ ಕೇಂದ್ರ ಭಾರತ ಸರ್ಕಾರದ ಕೈಗೆ ಬಂತು. ತಿರುವನಂತಪುರ, ಹೈದರಾಬಾದ್ ಕೇಂದ್ರಗಳೂ ಅದೇ ದಿನ ಸೇರಿದವು. 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಶುರುವಾದಾಗ ಮೈಸೂರಿನದ್ದನ್ನು ಅಲ್ಲಿಗೆ ಸಾಗಿಸಿದರು. ಮೈಸೂರಿನವರಿಗೆ ತಮ್ಮದೇ ಕೇಂದ್ರ ಮತ್ತೆ ಸಿಕ್ಕಿದ್ದು 1974ರಲ್ಲಿ. ಇವತ್ತಿನ ಯಾದವಗಿರಿಯ ಕಟ್ಟಡಕ್ಕೂ ಗೋಪಾಲಸ್ವಾಮಿಯವರ ಮನೆಗೂ ಕೂಗಳತೆ ದೂರ.

ಧಾರವಾಡಕ್ಕೆ ಬೆಂಗಳೂರಿಗಿಂತ ಮುಂಚೆ ರೇಡಿಯೊ ಬಂತಾ?

ಬಂತು. 1950ರ ಜನವರಿ 8ರಂದು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಕರ್ನಾಟಕ ಒಂದಾಗಲು ಇನ್ನೂ ಆರು ವರ್ಷ ಬಾಕಿ ಇತ್ತು.

ನಾನು ಈ ಕೇಂದ್ರದ ಬಗ್ಗೆ ಮಾತು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ. ವರಕವಿ ಬೇಂದ್ರೆ ಅಲ್ಲಿ ಸಲಹೆಗಾರರಾಗಿದ್ದರು. ಪಂಡಿತ ಮಲ್ಲಿಕಾರ್ಜುನ ಮನ್ಸೂರ ಸಂಗೀತದ ಸಲಹೆಗಾರರಾಗಿದ್ದರು. 'ಎನ್ಕೆ' ಎಂದೇ ಹೆಸರಾದ ಬರಹಗಾರ ಎನ್.ಕೆ. ಕುಲಕರ್ಣಿ ಅಲ್ಲಿ ಕೆಲಸ ಮಾಡಿದರು. ಇಂಥವರು ದಿನಾ ಬಂದು ಕೂರುವ ಆಫೀಸು ಹೇಗಿದ್ದಿರಬೇಕು, ಯೋಚಿಸಿ. ಆ ಕಡೆ ಬೆಂಗಳೂರಿನಲ್ಲಿ ವೀಣೆ ದೊರೆಸ್ವಾಮಿ ಅಯ್ಯಂಗಾರ್ ಸಂಗೀತ ವಿಭಾಗದಲ್ಲಿದ್ದರು.

ಒಂದು ವಿಷಯವನ್ನು ಜನ ಮರೆಯುತ್ತಾರೆ. ಏಕೀಕರಣದ ದಿನಗಳಲ್ಲಿ ಹಳೇ ಮೈಸೂರಿನ ಹಳ್ಳಿಯವನಿಗೆ ಧಾರವಾಡದ ಮಾತು ಕೇಳುವ ಅವಕಾಶ ಎಲ್ಲಿತ್ತು? 'ಏನ್ರೀ, ಹ್ಯಾಂಗದೀರಿ' ಎಂಬ ಮಾತು ಅವನ ಕಿವಿಗೆ ಬಿದ್ದದ್ದು ರೇಡಿಯೊ ನಾಟಕದಿಂದ. ಹುಬ್ಬಳ್ಳಿಯ ಕಡೆಯವರಿಗೆ ನಮ್ಮ ಕಡೆಯ ಮಾತು ತಲುಪಿದ್ದೂ ಹಾಗೇ. ನಕ್ಷೆಯಲ್ಲಿ ಒಂದಾದವರ ಕಿವಿಯನ್ನು ಒಂದು ಮಾಡಿದ್ದು ಈ ಕೇಂದ್ರಗಳು. ಇದಕ್ಕೆ ಕೊಡಬೇಕಾದ ಮನ್ನಣೆ ನಾವು ಕೊಟ್ಟಿಲ್ಲ ಎಂದೇ ನನ್ನ ಅನಿಸಿಕೆ.

ಬೆಳಿಗ್ಗೆ ಕೇಂದ್ರ ಶುರುವಾಗುವಾಗ ಬರೋ ಆ ಟ್ಯೂನ್ ಯಾರದ್ದು?

ವಾಲ್ಟರ್ ಕೌಫ್‌ಮನ್ ಎಂಬ ಸಂಗೀತಗಾರರದ್ದು. ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಮುಂಬೈಗೆ ಬಂದ ಯಹೂದಿ. ಅಲ್ಲಿನ ರೇಡಿಯೊದಲ್ಲಿ ಕೆಲಸ ಸಿಕ್ಕಿತು. 1936ರ ಸುಮಾರಿಗೆ ಈ ರಾಗವನ್ನು ಕಟ್ಟಿದರು. ಶಿವರಂಜನಿಯ ನೆರಳಿರುವ ಆ ಪಿಟೀಲಿನ ನಾದ ಇವತ್ತಿಗೂ ಅದೇ.

ಸಿನಿಮಾ ಹಾಡನ್ನು ಆಕಾಶವಾಣಿ ಬ್ಯಾನ್ ಮಾಡಿತ್ತು ಅಂತ ಅಜ್ಜ ಹೇಳ್ತಿದ್ರು. ಯಾಕೆ?

ನಿಮ್ಮ ಅಜ್ಜ ಹೇಳಿದ್ದು ಸುಳ್ಳಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾದರು. ಶಾಸ್ತ್ರೀಯ ಸಂಗೀತದ ಮೇಲೆ ಅವರಿಗೆ ತುಂಬಾ ಪ್ರೀತಿ, ಸಿನಿಮಾ ಹಾಡೆಂದರೆ ಆಗದು. ಹಾಡಿನ ಸಮಯ ಕಡಿತವಾಯಿತು. ನಿರ್ಮಾಪಕರ ಜೊತೆ ಜಗಳವಾಗಿ ಹಾಡುಗಳು ಹೆಚ್ಚುಕಡಿಮೆ ನಿಂತೇ ಹೋದವು. ಜನ ಸುಮ್ಮನಿರುತ್ತಾರಾ? ಶ್ರೀಲಂಕಾದ ರೇಡಿಯೊ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಕನ್ನಡದ ಚಿತ್ರಗೀತೆಗಳೂ ಅಲ್ಲಿಂದ ಬರುತ್ತಿದ್ದವು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿ ಶುರು ಮಾಡಬೇಕಾಯಿತು.

ಹಾರ್ಮೋನಿಯಂ ಕಥೆ ಇನ್ನೂ ಹಳೆಯದು. ಅದರಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿಸಿ ಜಾರಿಸುವುದು, ನುಡಿಸಲು ಆಗುವುದಿಲ್ಲ, ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಎಂದು 1940ರಲ್ಲಿ ಅದನ್ನು ಹೊರಗಿಟ್ಟರು. ಮೂವತ್ತು ವರ್ಷ ಅದು ಒಳಗೆ ಬರಲಿಲ್ಲ. ಎರಡೂ ನಿರ್ಧಾರ ತಪ್ಪು ಎಂದು ನಾನು ಹೇಳುತ್ತೇನೆ. ಆದರೆ ಅದೇ ಕೇಸ್ಕರ್ ಕಾಲದಲ್ಲಿ ಆಕಾಶವಾಣಿ ಸಂಗೀತ ಸಮ್ಮೇಳನ ಶುರುವಾಯಿತು. ಕಲಾವಿದರಿಗೆ ತಿಂಗಳ ಸಂಬಳದ ಕೆಲಸ ಸಿಕ್ಕಿತು. ರಾಜರ ಆಶ್ರಯ ತಪ್ಪಿದ ಮೇಲೆ ಎಷ್ಟೋ ಸಂಗೀತಗಾರರ ಮನೆಯ ಒಲೆ ಉರಿದದ್ದು ಆ ಸಂಬಳದಿಂದ.

ಟಿವಿ ಕರ್ನಾಟಕಕ್ಕೆ ಮೊದಲು ಬಂದದ್ದು ಬೆಂಗಳೂರಿಗೆ ಅಲ್ವಾ?

ಅಲ್ಲ, ಕಲಬುರಗಿಗೆ! ಇದನ್ನು ಹೇಳಿದಾಗ ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ.

1975ರ ಆಗಸ್ಟಿನಿಂದ ಒಂದು ವರ್ಷ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಕಳಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರದ ಹಿಂದುಳಿದ ಹಳ್ಳಿಗಳನ್ನು. ಬೆಂಗಳೂರಿನ ಶ್ರೀಮಂತರ ಮನೆಯಲ್ಲಿ ಟಿವಿ ಇಲ್ಲದಾಗ, ಈ ಹಳ್ಳಿಗಳಲ್ಲಿ ಶಾಲೆಯ ಅಂಗಳದಲ್ಲಿ ಊರಿಗೆ ಊರೇ ಕೂತು ನೋಡುತ್ತಿತ್ತು. ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಪ್ರಯೋಗ ಮುಗಿದ ಮೇಲೆ ಅಲ್ಲಿನವರ ಕೈ ಬಿಡಬಾರದೆಂದು 1977ರಲ್ಲಿ ಕಲಬುರಗಿಗೆ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. 1990ರ ದಶಕದಲ್ಲಿ 'ಡಿಡಿ 9' ಎಂಬ ಹೆಸರಿನಲ್ಲಿದ್ದ ಕನ್ನಡ ಚಾನೆಲ್ಲಿಗೆ 2000ದಲ್ಲಿ 'ಚಂದನ' ಎಂದು ಹೆಸರಾಯಿತು.

## ಏನೇನು ಸಿಗುತ್ತದೆ

ಇವತ್ತು ಯೂಟ್ಯೂಬ್ ಇರುವಾಗ ರೈತರಿಗೆ ರೇಡಿಯೊದಿಂದ ಏನು ಉಪಯೋಗ?

ನಮ್ಮ ಅಪ್ಪನನ್ನು ನೆನೆಸಿಕೊಂಡು ಉತ್ತರಿಸುತ್ತೇನೆ. ಭದ್ರಾವತಿಯಿಂದ ಪೇಟೆ ಧಾರಣೆ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು, ಹೀಗೆ ಅಡಿಕೆಯ ಒಂದೊಂದು ಬಗೆಯ ಬೆಲೆ ಓದುತ್ತಿದ್ದರು. ಅಪ್ಪ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಿದ್ದರು. ಮರುದಿನ ವ್ಯಾಪಾರಿ ಬಂದು ಬೆಲೆ ಬಿದ್ದಿದೆ ಎಂದರೆ, ಅಪ್ಪ ಸುಮ್ಮನೆ ಕ್ಯಾಲೆಂಡರ್ ತಿರುಗಿಸುತ್ತಿದ್ದರು. ಅಷ್ಟೇ.

ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆ ರೋಗದ ಮಾತು ಬರುತ್ತಿತ್ತು. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು, ಲೋಹದ ಪಾತ್ರೆ ಬಳಸಬಾರದು. ಇದನ್ನು ನಮ್ಮ ನೆರೆಮನೆಯವರು ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟಿದ್ದರು, ರೇಡಿಯೊ ಕೇಳಿಯೇ.

ಯೂಟ್ಯೂಬಿನಲ್ಲಿ ಎಲ್ಲ ಸಿಗುತ್ತದೆ, ನಿಜ. ಆದರೆ ಹೇಳುತ್ತಿರುವವರು ಔಷಧಿ ಮಾರುವವರೋ, ತಿಳಿದವರೋ ಗೊತ್ತಾಗುವುದಿಲ್ಲ. ಆಕಾಶವಾಣಿಯಲ್ಲಿ ಮಾತಾಡಲು ಬರುವವರು ಕೃಷಿ ವಿಶ್ವವಿದ್ಯಾಲಯದವರು, ಇಲಾಖೆಯವರು ಅಥವಾ ಬೆಳೆದು ಗೆದ್ದ ರೈತರು. ಅವರಿಗೆ ನಿಮಗೆ ಏನನ್ನೂ ಮಾರಬೇಕಿಲ್ಲ. ಕೃಷಿರಂಗ ಹಳೆಯ ಕಾರ್ಯಕ್ರಮ. 2004ರಿಂದ ಕಿಸಾನ್ ವಾಣಿಯೂ ಇದೆ. ಕೈಯಲ್ಲಿ ಕತ್ತಿ ಹಿಡಿದು ತೋಟದಲ್ಲಿ ಕೆಲಸ ಮಾಡುತ್ತಾ ಕೇಳಬಹುದು ಎನ್ನುವುದು ಇನ್ನೊಂದು ಅನುಕೂಲ. ವಿಡಿಯೊ ನೋಡಬೇಕಿದ್ದರೆ ಕೆಲಸ ನಿಲ್ಲಿಸಬೇಕು.

ತುಳು, ಕೊಂಕಣಿ, ಕೊಡವ ಭಾಷೆಗಳಲ್ಲಿ ಏನಾದ್ರೂ ಬರುತ್ತಾ?

ಬರುತ್ತದೆ. ಮಂಗಳೂರು ಕೇಂದ್ರದಲ್ಲಿ ತುಳು, ಕೊಂಕಣಿ, ಬ್ಯಾರಿ. ಮಡಿಕೇರಿಯಲ್ಲಿ ಕೊಡವ ತಕ್ಕ್, ಅರೆಭಾಷೆ. ಮಂಗಳೂರಿನ ಪ್ರಸಾರ ಗಡಿ ದಾಟಿ ಕಾಸರಗೋಡಿನ ಕನ್ನಡ ಮನೆಗಳಿಗೂ ಮುಟ್ಟುತ್ತದೆ. ಮಂಗಳೂರು ಕೇಂದ್ರದ ಯಕ್ಷಗಾನ ತಾಳಮದ್ದಳೆಯನ್ನು ಒಮ್ಮೆಯಾದರೂ ಕೇಳಿ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಹಾಡು ಮತ್ತು ವಾದ. ರೇಡಿಯೊಗೆಂದೇ ಹುಟ್ಟಿದ ಕಲೆಯೇನೋ ಅನ್ನಿಸುತ್ತದೆ. ಐದು ಸಾವಿರ ಜನ ಆಡುವ ಮಾತಿಗೆ ಜಾಹೀರಾತುದಾರ ದುಡ್ಡು ಹಾಕುವುದಿಲ್ಲ. ಹಾಗಾಗಿ ಆ ಮಾತಿಗೆ ಅರ್ಧ ಗಂಟೆ ಕೊಡಲು ಸಾರ್ವಜನಿಕ ರೇಡಿಯೊನೇ ಬೇಕು.

ದೆಹಲಿಯಿಂದ ಬರ್ತಿದ್ದ ಕನ್ನಡ ವಾರ್ತೆ ಏನಾಯ್ತು?

ರಾಷ್ಟ್ರದ ಸುದ್ದಿಯನ್ನು ಕನ್ನಡದಲ್ಲಿ ದೆಹಲಿಯಲ್ಲೇ ಕೂತು ಓದುತ್ತಿದ್ದರು. ರಂಗರಾವ್, ಉಪೇಂದ್ರರಾವ್ ಎಂಬ ಹೆಸರು ಕೇಳಿದರೆ ಈಗಲೂ ಹಿರಿಯರ ಮುಖ ಅರಳುತ್ತದೆ. ಮುಂದೆ ಈ ಭಾಷಾ ವಿಭಾಗಗಳನ್ನು ಆಯಾ ರಾಜ್ಯಗಳಿಗೆ ಕಳಿಸಿದರು, ಕನ್ನಡದ್ದು ಬೆಂಗಳೂರಿಗೆ ಬಂತು. ರಾಜ್ಯದ ಸುದ್ದಿಗೆ ಪ್ರದೇಶ ಸಮಾಚಾರ ಮೊದಲಿನಿಂದಲೂ ಇತ್ತು. ಜೊತೆಗೆ ಸಂಸ್ಕೃತ ವಾರ್ತೆ. 1974ರಲ್ಲಿ ಶುರುವಾದದ್ದು. ಬಲದೇವಾನಂದ ಸಾಗರರ 'ಇಯಂ ಆಕಾಶವಾಣೀ' ಕೇಳಿದರೆ ನಮಗೆ ಶಾಲೆಗೆ ಹೊರಡುವ ಗಡಿಬಿಡಿ ಶುರು. ಅರ್ಥ ಆಗದಿದ್ದರೂ ಆ ಸಾಲು ಬಾಯಿಪಾಠ.

ಚಂದನದ 'ಥಟ್ ಅಂತ ಹೇಳಿ'ಯಲ್ಲಿ ಬಹುಮಾನ ಬರೀ ಪುಸ್ತಕನಾ?

ಹೌದು, ಕನ್ನಡ ಪುಸ್ತಕ. 2002ರಿಂದ ವೈದ್ಯರಾದ ನಾ. ಸೋಮೇಶ್ವರ ನಡೆಸಿಕೊಂಡು ಬಂದಿರುವ ರಸಪ್ರಶ್ನೆ ಅದು. ಸಾವಿರಾರು ಕಂತುಗಳಾಗಿವೆ. ಕೋಟಿ ರೂಪಾಯಿಯ ಆಸೆ ತೋರಿಸದೆ ಇಷ್ಟು ವರ್ಷ ಒಂದು ಕಾರ್ಯಕ್ರಮ ನಡೆಯಿತಲ್ಲ, ನನಗೆ ಅದೇ ಸಂತೋಷ.

ಮಕ್ಕಳ ಪಾಠಕ್ಕೆ ಏನಾದ್ರೂ ಇದೆಯಾ?

ಬಂದಿವೆ. 'ಕೇಳಿ ಕಲಿ', 'ಚಿಣ್ಣರ ಚುಕ್ಕಿ' ಎಂಬ ರೇಡಿಯೊ ಪಾಠಗಳನ್ನು ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕೂತು ಕೇಳುತ್ತಿದ್ದರು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಚಂದನದಲ್ಲಿ 'ಸಂವೇದ' ಪಾಠಗಳು ಬಂದವು. ಸ್ಮಾರ್ಟ್ ಫೋನ್ ಇಲ್ಲದ ಮನೆಗಳಿಗೆ ಅದೊಂದೇ ತರಗತಿ.

## ಒಳಗೆ ಹೋಗಬೇಕು ಅನ್ನುವವರಿಗೆ

ಮಗಳು ಚೆನ್ನಾಗಿ ಹಾಡ್ತಾಳೆ. ಆಡಿಷನ್‌ಗೆ ಯಾರಾದ್ರೂ ಗೊತ್ತಿರಬೇಕಾ?

ಯಾರೂ ಗೊತ್ತಿರಬೇಕಿಲ್ಲ. ನಿಮಗೆ ಹತ್ತಿರದ ಕೇಂದ್ರದಿಂದ ಅರ್ಜಿ ತೆಗೆದುಕೊಳ್ಳಿ, ಶುಲ್ಕ ಕಟ್ಟಿ, ಕರೆ ಬಂದಾಗ ಹೋಗಿ. ಪಾಸಾದರೆ ಮೊದಲು 'ಬಿ' ದರ್ಜೆ. ಮೇಲೆ 'ಬಿ ಹೈ', 'ಎ', ಕೊನೆಗೆ 'ಟಾಪ್'. ಮೇಲಿನ ದರ್ಜೆಗಳನ್ನು ದೆಹಲಿಯಲ್ಲಿ ತೀರ್ಮಾನಿಸುತ್ತಾರೆ. ದರ್ಜೆ ಸಿಕ್ಕಿದರೆ ಸಂಭಾವನೆ ಕೊಟ್ಟು ಕಾರ್ಯಕ್ರಮಕ್ಕೆ ಕರೆಯುತ್ತಾರೆ. ದುಡ್ಡು ದೊಡ್ಡದಲ್ಲ, ಆದರೆ 'ಆಕಾಶವಾಣಿ ಎ ಗ್ರೇಡ್ ಕಲಾವಿದೆ' ಎಂಬ ಮಾತಿಗೆ ಸಂಗೀತ ಲೋಕದಲ್ಲಿ ಈಗಲೂ ತೂಕ ಇದೆ. ಮಗಳಿಗೆ 16ರಿಂದ 24ರೊಳಗೆ ವಯಸ್ಸಾಗಿದ್ದರೆ ಆಕಾಶವಾಣಿಯ ಸಂಗೀತ ಸ್ಪರ್ಧೆಗೂ ಕಳಿಸಿ. ಚಿಕ್ಕವಳಾದರೆ ಮಕ್ಕಳ ಕಾರ್ಯಕ್ರಮದವರನ್ನು ಕೇಳಿ. ನಾಟಕ, ಸುಗಮ ಸಂಗೀತ, ಜಾನಪದಕ್ಕೂ ಬೇರೆ ಬೇರೆ ಆಡಿಷನ್ ಇದೆ. ಒಮ್ಮೆ ಆಗಲಿಲ್ಲ ಎಂದು ಬಿಡಬೇಡಿ. ಮತ್ತೆ ಅರ್ಜಿ ಹಾಕಬಹುದು.

ಉದ್ಘೋಷಕಿ ಆಗೋಕೆ ಏನ್ ಓದಿರಬೇಕು?

ಕಾಯಂ ಹುದ್ದೆಗಳಿಗೆ ನೇಮಕಾತಿ ತುಂಬಾ ಅಪರೂಪವಾಗಿದೆ, ಅದನ್ನೇ ನಂಬಿ ಕೂರಬೇಡಿ. ಆದರೆ ತಾತ್ಕಾಲಿಕ ಉದ್ಘೋಷಕರನ್ನು ಆಗಾಗ ಆರಿಸುತ್ತಾರೆ. ಪದವಿ, ಬರವಣಿಗೆಯ ಪರೀಕ್ಷೆ, ಧ್ವನಿ ಪರೀಕ್ಷೆ, ಆಮೇಲೆ ತರಬೇತಿ. ತಿಂಗಳಲ್ಲಿ ಕೆಲವೇ ದಿನ ಕೆಲಸ. ತಯಾರಿಗೆ ನನ್ನ ಸಲಹೆ ಒಂದೇ: ದಿನಾ ಪೇಪರಿನ ಒಂದು ಪುಟ ಜೋರಾಗಿ ಓದಿ. ಅಕಾರ ಹಕಾರ, ಅಲ್ಪಪ್ರಾಣ ಮಹಾಪ್ರಾಣ ಸರಿಯಾಗಿ ಬರಲಿ. ಊರಿನ ಮಾತಿನ ಸೊಗಡನ್ನು ಬಿಡಬೇಡಿ.

ಪತ್ರ ಬರೆದ್ರೆ ನಿಜವಾಗ್ಲೂ ಓದ್ತಾರಾ?

ಓದುತ್ತಾರೆ. ಪತ್ರೋತ್ತರಕ್ಕೆಂದೇ ಕಾರ್ಯಕ್ರಮ ಇರುತ್ತದೆ. ಕಾರ್ಯಕ್ರಮದ ಹೆಸರು, ದಿನ, ಹೊತ್ತು ಬರೆಯಿರಿ. ಚೆನ್ನಾಗಿತ್ತು ಎಂದಷ್ಟೇ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ಮಾತು ಹಿಡಿಸಿತು, ಎಲ್ಲಿ ತಪ್ಪಾಯಿತು ಎಂದು ಬರೆಯಿರಿ. ಹೊತ್ತು ಬದಲಾಯಿಸಿದ್ದರಿಂದ ನಿಮಗೆ ತೊಂದರೆ ಆಗಿದ್ದರೆ ಅದನ್ನೂ ಹೇಳಿ. ಕೇಳುಗರು ಇದ್ದಾರೆ ಎಂದು ಒಳಗಿನವರಿಗೆ ಗೊತ್ತಾಗುವುದೇ ಪತ್ರಗಳಿಂದ.

## ಸ್ವಲ್ಪ ಆಳದ ಪ್ರಶ್ನೆಗಳು

ರಾತ್ರಿ ದೂರದ ಸ್ಟೇಷನ್ ಸಿಗುತ್ತೆ, ಹಗಲು ಯಾಕೆ ಸಿಗಲ್ಲ? ಈ 'ಮೀಟರ್' ಅಂದ್ರೆ ಏನು?

ಮೊದಲು ಮೀಟರ್. ಬೆಂಗಳೂರು ಕೇಂದ್ರ 612 ಕಿಲೋಹರ್ಟ್ಸ್. ಅಂದರೆ ಸೆಕೆಂಡಿಗೆ 6,12,000 ಅಲೆ. ಅಲೆ ಓಡುವ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ಭಾಗಿಸಿ ನೋಡಿ, ಒಂದು ಅಲೆಯ ಉದ್ದ 490.2 ಮೀಟರ್. ಉದ್ಘೋಷಕರು ಹೇಳುತ್ತಿದ್ದ ಸಂಖ್ಯೆ ಅದೇ. ಧಾರವಾಡದ 765ಕ್ಕೆ 392.2, ಭದ್ರಾವತಿಯ 675ಕ್ಕೆ 444.4.

ಇಷ್ಟು ಉದ್ದದ ಅಲೆಗೆ ಮಧ್ಯಮ ತರಂಗ (ಮೀಡಿಯಂ ವೇವ್) ಎನ್ನುತ್ತಾರೆ, ಅದು ಹಗಲಲ್ಲಿ ನೆಲದ ಗುಂಟ ಹೋಗುತ್ತದೆ. ಮೇಲಕ್ಕೆ ಹೋದದ್ದನ್ನು ಬಿಸಿಲಿನಿಂದ ಹುಟ್ಟುವ ಗಾಳಿಯ ಒಂದು ಪದರ ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆ ಅದರ ಮೇಲಿನ ಪದರಕ್ಕೆ ತಾಗಿ, ಬಾಗಿ, ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ರಾತ್ರಿ ಮಲೆನಾಡಿನಲ್ಲಿ ದೂರದ ಊರಿನ ಹಾಡು ಕೇಳಿಸುತ್ತಿದ್ದುದು ಹೀಗೆ.

ಎಫ್‌ಎಂ ಹಾಗಲ್ಲ. ಸದ್ದು ಸ್ವಚ್ಛ, ಗುಡುಗು ಸಿಡಿಲಿನ ಗರಗರ ಇಲ್ಲ. ಆದರೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ನೇರವಾಗಿ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಮುಗಿಯಿತು. ಮಧ್ಯಮ ತರಂಗ ತೆಗೆದು ಬರೀ ಎಫ್‌ಎಂ ಮಾಡಿ ಎನ್ನುವವರಿಗೆ ನಾನು ಕೇಳುವುದು ಇದನ್ನೇ: ಕಣಿವೆಯ ಮನೆಗಳ ಗತಿ ಏನು? ಡಿಆರ್‌ಎಂ ಎಂಬ ಡಿಜಿಟಲ್ ವಿಧಾನ ಮಧ್ಯಮ ತರಂಗದಲ್ಲೇ ಸ್ವಚ್ಛ ಸದ್ದು ಕೊಡುತ್ತದೆ. ಬೆಂಗಳೂರಿನಲ್ಲಿ ಅದು ಇದೆ. ಕೆಲವು ಹೊಸ ಕಾರುಗಳ ರೇಡಿಯೊ ಅದನ್ನು ಹಿಡಿಯುತ್ತದೆ. ಮನೆಗೆ ಬೇಕಾದ ಅಗ್ಗದ ಸೆಟ್ಟು ಅಂಗಡಿಗೆ ಬಂದರೆ ಮಾತ್ರ ಹಳ್ಳಿಗೆ ಉಪಯೋಗ.

ಖಾಸಗಿ ಎಫ್‌ಎಂನಲ್ಲಿ ವಾರ್ತೆ ಯಾಕೆ ಇರಲ್ಲ?

ಅನುಮತಿ ಇಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ, ರೇಡಿಯೊ ಸಿಟಿ, 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಅಂದಿನಿಂದಲೂ ಅವರು ಸ್ವಂತ ವಾರ್ತೆ ಓದುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಹಾಕಬಹುದು. ಪೇಪರಿಗೆ, ಟಿವಿಗೆ ಇರುವ ಅವಕಾಶ ರೇಡಿಯೊಗೆ ಯಾಕಿಲ್ಲ? ನಾನು ಆಕಾಶವಾಣಿಯ ಅಭಿಮಾನಿ, ಆದರೂ ಈ ನಿಯಮ ನನಗೆ ಒಪ್ಪಿಗೆಯಿಲ್ಲ.

ಇದು ಸರ್ಕಾರದ ತುತ್ತೂರಿ ಅಲ್ವಾ? ಯಾಕೆ ನಂಬಬೇಕು?

ಪ್ರಾಮಾಣಿಕವಾಗಿ ಹೇಳುತ್ತೇನೆ. ವಾರ್ತೆಯಲ್ಲಿ ಸರ್ಕಾರದ ದನಿ ಜಾಸ್ತಿ ಇರುತ್ತದೆ, ಯಾವ ಪಕ್ಷ ಬಂದರೂ ಅಷ್ಟೇ. ಕಾಯ್ದೆಯಲ್ಲಿ ಸ್ವಾಯತ್ತತೆ ಇದೆ, ಆದರೆ ದುಡ್ಡಿನ ದೊಡ್ಡ ಪಾಲು ಕೇಂದ್ರ ಸರ್ಕಾರದಿಂದ ಬರುತ್ತದೆ. ದುಡ್ಡು ಕೊಡುವವರ ಕಡೆ ಕಣ್ಣು ಇದ್ದೇ ಇರುತ್ತದೆ. ಸುಪ್ರೀಂ ಕೋರ್ಟ್ 1995ರಲ್ಲಿ ಒಂದು ಮುಖ್ಯ ಮಾತು ಹೇಳಿತು: ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ. ಸರ್ಕಾರದ್ದೂ ಅಲ್ಲ, ಕಂಪನಿಗಳದ್ದೂ ಅಲ್ಲ. ಆ ಮಾತಿಗೆ ತಕ್ಕ ಹಾಗೆ ನಡೆಯಲು ಇನ್ನೂ ದೂರ ಇದೆ.

ಆದರೆ ಇನ್ನೊಂದು ಬದಿಯೂ ಇದೆ. ಇಲ್ಲಿ ಕಿರುಚಾಟ ಇಲ್ಲ. ಹತ್ತು ನಿಮಿಷದಲ್ಲಿ ಸುದ್ದಿ ಮುಗಿಯುತ್ತದೆ. ಚುನಾವಣೆಯಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆಲ್ಲ, ವಿರೋಧ ಪಕ್ಷವೂ ಸೇರಿ, ಬಿಟ್ಟಿ ಸಮಯ ಕೊಡುತ್ತಾರೆ. ಇದು 1977ರಿಂದ ನಡೆದು ಬಂದಿದೆ. ನಾನು ಮಾಡುವುದು ಇಷ್ಟು: ಆಕಾಶವಾಣಿಯ ವಾರ್ತೆ ಕೇಳುತ್ತೇನೆ, ಒಂದು ಪೇಪರನ್ನೂ ಓದುತ್ತೇನೆ. ಪ್ರಸಾರ ಭಾರತಿ ಮಾಹಿತಿ ಹಕ್ಕು ಕಾಯ್ದೆಗೆ ಒಳಪಟ್ಟ ಸಂಸ್ಥೆ. ಏನಾದರೂ ಕೇಳಬೇಕಿದ್ದರೆ ಅರ್ಜಿ ಹಾಕಿ.

ಕೇಂದ್ರಗಳನ್ನ ಮುಚ್ಚಿಬಿಡ್ತಾರೆ ಅಂತ ಸುದ್ದಿ ಬರ್ತಾನೇ ಇರುತ್ತೆ. ನಿಜಾನಾ?

ಪೂರ್ತಿ ಮುಚ್ಚುವ ಮಾತು ಬೇರೆ, ಒಳಗಿಂದ ಸಣ್ಣದಾಗುವ ಮಾತು ಬೇರೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆಕಾಶವಾಣಿ, ದೂರದರ್ಶನಗಳ ಯಂತ್ರೋಪಕರಣಕ್ಕೆ 2,539.61 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಹಾಗಾಗಿ ಟ್ರಾನ್ಸ್‌ಮಿಟರಿಗೆ ದುಡ್ಡು ಬರುತ್ತಿದೆ. ನನಗಿರುವ ಚಿಂತೆ ಮನುಷ್ಯರದ್ದು. ನಿವೃತ್ತರಾದವರ ಜಾಗ ಖಾಲಿ ಉಳಿಯುತ್ತದೆ. ಸ್ಥಳೀಯ ಕಾರ್ಯಕ್ರಮದ ಹೊತ್ತು ಕಡಿಮೆಯಾಗಿ, ಬೇರೆ ಕಡೆಯದನ್ನು ಮರುಪ್ರಸಾರ ಮಾಡುವ ಹೊತ್ತು ಜಾಸ್ತಿಯಾಗುತ್ತದೆ. ಹಾಸನದ ಮಳೆಯ ಸುದ್ದಿ ಹಾಸನದಿಂದ, ಕಾರವಾರದ ಮೀನುಗಾರರ ಮಾತು ಕಾರವಾರದಿಂದ ಬರದಿದ್ದರೆ ಅಲ್ಲಿ ಕೇಂದ್ರ ಇದ್ದು ಏನು ಬಂತು? ನಿಮ್ಮ ಊರಿನ ಕಾರ್ಯಕ್ರಮ ನಿಂತರೆ ಕೇಂದ್ರದ ಮುಖ್ಯಸ್ಥರಿಗೆ ಬರೆಯಿರಿ, ನಿಮ್ಮ ಸಂಸದರಿಗೂ ಬರೆಯಿರಿ.

ಅಪ್ಪ ಹಾಡಿದ ರೇಡಿಯೊ ಕಾರ್ಯಕ್ರಮದ ಕ್ಯಾಸೆಟ್ ಮನೇಲಿದೆ. ಏನು ಮಾಡ್ಲಿ?

ಮೊದಲು ಅದನ್ನು ಹಾಕಿ ಕೇಳಲು ಹೋಗಬೇಡಿ. ಹಳೇ ಟೇಪು ಅಂಟಿಕೊಂಡಿರುತ್ತದೆ, ಹಳೇ ಪ್ಲೇಯರ್ ಅದನ್ನು ಎಳೆದು ಹರಿಯುತ್ತದೆ. ಪೆನ್ಸಿಲ್ ತೂರಿಸಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ ನೋಡಿ. ಬೂಷ್ಟು ಕಂಡರೆ ಗೊತ್ತಿರುವವರ ಕೈಗೇ ಕೊಡಿ. ಸರಿಯಿದ್ದರೆ ಒಳ್ಳೆಯ ಪ್ಲೇಯರಿನಿಂದ ಕಂಪ್ಯೂಟರಿಗೆ ಒಮ್ಮೆಗೇ ಇಳಿಸಿಕೊಳ್ಳಿ. ಎರಡು ಕಡೆ ಇಡಿ.

ಆಮೇಲೆ ಎಲ್ಲರೂ ಮರೆಯುವ ಕೆಲಸ. ಯಾವ ಕೇಂದ್ರ, ಯಾವ ದಿನ, ತಂಬೂರಿ ಯಾರು, ಪಕ್ಕವಾದ್ಯ ಯಾರು, ನಡುವೆ ಕೇಳುವ ಉದ್ಘೋಷಕಿಯ ದನಿ ಯಾರದ್ದು, ಎಲ್ಲ ಬರೆದಿಡಿ. ಅಪ್ಪನಿಗೆ ಬಂದ ಕಾರ್ಯಕ್ರಮದ ಕರಾರು ಪತ್ರ ಸಿಕ್ಕರೆ ಅದರಲ್ಲಿ ದಿನಾಂಕ ಇರುತ್ತದೆ. ಹಿಂದೆ ಟೇಪು ದುಬಾರಿ, ಕೇಂದ್ರದವರು ಒಂದರ ಮೇಲೇ ಇನ್ನೊಂದು ಧ್ವನಿಮುದ್ರಣ ಮಾಡುತ್ತಿದ್ದರು. ನಿಮ್ಮ ಮನೆಯ ಪ್ರತಿಯೇ ಉಳಿದಿರುವ ಒಂದೇ ಪ್ರತಿ ಇರಬಹುದು. ಆ ಕೇಂದ್ರಕ್ಕೆ ಒಂದು ಪತ್ರ ಬರೆದು, ನಮ್ಮಲ್ಲಿ ಹೀಗೊಂದು ಇದೆ ಎಂದು ತಿಳಿಸಿ. ಪ್ರತಿ ಕೊಡಿ, ಮೂಲ ಕ್ಯಾಸೆಟ್ ಮನೆಯಲ್ಲೇ ಇರಲಿ, ತೇವ ಇಲ್ಲದ ಜಾಗದಲ್ಲಿ, ನಿಲ್ಲಿಸಿ ಇಡಿ.